ಒಂದು ಸೀಸೆ ಕಡಲ ಮದ್ದು

ನನಗಿರುವುದು ಒಂದೇ ಕಣ್ಣು. ಎಡಗಣ್ಣನ್ನು ನಾನು ಮಗುವಾಗಿದ್ದಾಗಲೇ ಸಿಡುಬು ತೆಗೆದುಕೊಂಡಿತು. ಹಿನಕಲ್ಲಿನ ನಮ್ಮ ಮನೆಯಲ್ಲಿ ಅದನ್ನು ಸಿಡುಬು ಎಂದು ಯಾರೂ ಕರೆಯುತ್ತಿರಲಿಲ್ಲ. ಅಮ್ಮ ಬಂದಿದ್ದಳು ಎನ್ನುತ್ತಿದ್ದರು. ಬಂದವಳು ಬರಿಗೈಯಲ್ಲಿ ಹೋಗಲಿಲ್ಲ, ಒಂದು ಕಣ್ಣನ್ನು ಕಾಣಿಕೆ ತೆಗೆದುಕೊಂಡು ಹೋದಳು ಎಂದು ನನ್ನ ಸೋದರತ್ತೆ ಕೆಂಪಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಒಕ್ಕಣ್ಣಿನ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹಾಗಾಗಿ ನನ್ನನ್ನು ಓದಲು ಬಿಟ್ಟರು. ಅಣ್ಣನನ್ನು ಹೊಲಕ್ಕೆ ಹಚ್ಚಿ ನನ್ನನ್ನು ಶಾಲೆಗೆ ಕಳಿಸಿದ್ದು ಪ್ರೀತಿ ಹೆಚ್ಚಾಗಿ ಅಲ್ಲ, ಬೇರೆ ದಾರಿ ತೋಚದೆ. ಹೀಗೆ ಸಿಡುಬಿನ ದಯೆಯಿಂದ ತಾಯಮ್ಮನೆಂಬ ನಾನು ಮೈಸೂರಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲೊಂದರಲ್ಲಿ ಲೆಕ್ಕದ ಟೀಚರಾದೆ.

ಉಳಿದಿದ್ದ ಆ ಒಂದು ಕಣ್ಣಿಗೂ ಕಾಯಿಲೆ ಬಂದು, ಹೋಗುವುದರಲ್ಲಿದ್ದದ್ದು ನಿಂತ ಕಥೆ ಇದು. ಅರವತ್ತರ ದಶಕದ ನಡುವಿನ ಮಾತು. ನನ್ನದು ಪವಾಡದ ಕಥೆಯೆಂದು ಕೇಳಲು ಬಂದವರಿದ್ದಾರೆ. ನಮ್ಮ ಬಡಾವಣೆಯ ಮಹಿಳಾ ಸಮಾಜದವರು ವೇದಿಕೆಗೆ ಕರೆದು, "ವಿಜ್ಞಾನದ ಮಹಿಮೆ ಬಗ್ಗೆ ನಾಲ್ಕು ಮಾತಾಡಿ ಟೀಚರ್, ಕೊನೆಗೆ ದೇವರನ್ನೂ ನೆನೆಸಿಬಿಡಿ" ಎಂದಿದ್ದರು. ನಾನು ಹೋಗಲಿಲ್ಲ. ಎರಡಕ್ಕೂ ನನಗೆ ಬಾಯಿ ಬರುವುದಿಲ್ಲ. ಆದರೆ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತವರನ್ನು ಇವತ್ತಿಗೂ ನೋಡುತ್ತಿರುತ್ತೇನೆ. ಈ ಬರಹ ಅವರಿಗೆ, ಅಥವಾ ಅವರಿಗೆ ಓದಿ ಹೇಳುವವರಿಗೆ.

ಮೊದಲು ಜ್ವರ ಬಂತು. ಜ್ವರ ಬಿಟ್ಟಮೇಲೆ ತುಟಿಯ ಅಂಚಿನಲ್ಲಿ ಗುಳ್ಳೆಗಳು ಎದ್ದವು. ಯಾರಿಗೆ ಏಳುವುದಿಲ್ಲ? ತುಪ್ಪ ಸವರಿಕೊಂಡು ಶಾಲೆಗೆ ಹೋದೆ. ಅದೇ ವಾರ ಬೋರ್ಡಿನ ಮೇಲೆ ಎಂಟು ಬರೆದು ಹಿಂದೆ ಸರಿದು ನೋಡಿದರೆ ಒಂದು ಎಂಟರ ಪಕ್ಕದಲ್ಲಿ ಇನ್ನೊಂದು ಎಂಟರ ನೆರಳು. ಕಣ್ಣೊಳಗೆ ಮರಳು ಬಿದ್ದಂತೆ ಒತ್ತುತ್ತಿತ್ತು. ಕಿಟಕಿಯ ಬೆಳಕು ಚುಚ್ಚುತ್ತಿತ್ತು. ಹೆಡ್ ಮಿಸ್ಟ್ರೆಸ್ ನನ್ನ ಮುಖ ನೋಡಿದವರೇ ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ಮದ್ರಾಸ್ ಐ ಕಣ್ರೀ ಇದು. ಮಕ್ಕಳಿಗೆಲ್ಲ ಅಂಟಿಸಿಬಿಡ್ತೀರ. ಮನೆಗೆ ಹೋಗಿ ಮೊದಲು."

ಆಗ ನಾನು ನಜರಬಾದಿನ ಒಂದು ವಠಾರದಲ್ಲಿ ಇದ್ದೆ. ಗಂಡ ಸತ್ತಮೇಲೆ ತವರಿಗೆ ಬಂದಿದ್ದ ಕೆಂಪಮ್ಮತ್ತೆ ನನ್ನ ಜೊತೆಗಿದ್ದು ಅಡಿಗೆ ಮಾಡಿಹಾಕುತ್ತಿದ್ದಳು. ನನ್ನ ಕಣ್ಣು ನೋಡಿದ್ದೇ ಅವಳು ಮಾರ್ಕೆಟ್ಟಿನ ನಾಟಿಮದ್ದಿನ ಗ್ರಂಥಿಗೆ ಅಂಗಡಿಗೆ ಓಡಿದಳು. ಬಂದವಳು ಬೆಳ್ಳಗಿನ, ಹಗುರವಾದ, ಹಡಗಿನಾಕಾರದ ಒಂದು ತುಂಡನ್ನು ಸಾಣೆಕಲ್ಲಿನ ಮೇಲೆ ತೇಯತೊಡಗಿದಳು. ಪಕ್ಕದ ಮನೆಯ ಬಾಣಂತಿಯಿಂದ ಒಳಲೆಯಲ್ಲಿ ಎದೆಹಾಲು ಬಂತು.

"ಏನತ್ತೆ ಅದು?"

"ಸಮುದ್ರದ ನೊರೆ ಕಣವ್ವ. ಗಟ್ಟಿಯಾಗಿ ಇಂಗಾಯ್ತದಂತೆ. ನಮ್ಮವ್ವ ನಮ್ಗೆಲ್ಲ ಇದ್ನೇ ಆಕ್ತಿದ್ದದ್ದು. ಕಣ್ಣಲ್ಲಿರೋ ಪೊರೆಗಿರೆ ಎಲ್ಲಾನೂ ಕೆರ್ಕಂಡು ಓಯ್ತದೆ. ಕಣ್ ಬುಡು ನೀನು."

ಅದು ನೊರೆಯಲ್ಲ, ಕಡಲಲ್ಲಿ ಬದುಕುವ ಒಂದು ಮೆತ್ತನೆಯ ಜೀವಿಯ ಒಳಗಿನ ಮೂಳೆ ಎಂದು ನನಗೆ ಆಮೇಲೆ ತಿಳಿಯಿತು. ಕೆರೆದುಕೊಂಡು ಹೋಗುವ ಮಾತಂತೂ ನಿಜ. ಕೆರೆದದ್ದು ಪೊರೆಯನ್ನಲ್ಲ, ಅಷ್ಟೇ. ಮಾರನೆಯ ದಿನ ನನಗೆ ಕಣ್ಣು ತೆರೆಯಲಾಗಲಿಲ್ಲ. ಅತ್ತೆ ಹೆದರಿ ಹಿನಕಲ್ಲಿಗೆ ಹೇಳಿಕಳಿಸಿದಳು. ಅಣ್ಣ ಬಂದು ನನ್ನನ್ನು ಜಟಕಾದಲ್ಲಿ ಕೂರಿಸಿಕೊಂಡು, ಪೇಟೆಯಲ್ಲಿ ಹೊಸದಾಗಿ ಶಾಪು ತೆರೆದಿದ್ದ ಡಾಕ್ಟರೊಬ್ಬರ ಹತ್ತಿರ ಕರೆದೊಯ್ದ.

ಆ ಡಾಕ್ಟರು ಟಾರ್ಚು ಬಿಟ್ಟು ನೋಡಿದರು. ನೋಡಿದರು ಎನ್ನುವುದಕ್ಕಿಂತ ಟಾರ್ಚು ಬಿಟ್ಟರು ಎಂದರೆ ಸರಿ. "ಇದೇನೂ ಅಲ್ಲ ಕಣ್ರೀ. ಹೊಸ ಡ್ರಾಪ್ಸ್ ಬಂದಿದೆ. ಎರಡು ದಿನ ಹಾಕಿ, ಕೆಂಪು ಎಲ್ಲಿಗೆ ಹೋಯ್ತು ಅಂತ ನೀವೇ ಹುಡುಕ್ತೀರ" ಎಂದರು.

ಹಾಗೇ ಆಯಿತು. ಕೆಂಪು ಹೋಯಿತು, ನೋವು ಹೋಯಿತು. ವಠಾರದವರೆಲ್ಲ ಆ ಡಾಕ್ಟರ ಕೈಗುಣ ಹೊಗಳಿದರು. ಅತ್ತೆ ಮಾತ್ರ, "ನನ್ ನೊರೆ ಕೆರ್ದಿತ್ತು ಕಣವ್ವ, ಅವ್ರು ತೊಳುದ್ರು" ಎಂದು ತನ್ನ ಪಾಲನ್ನು ಕೇಳುತ್ತಿದ್ದಳು. ನಾನು ಶಾಲೆಗೆ ವಾಪಸು ಹೋದೆ. ಕಣ್ಣು ಬೆಳ್ಳಗಿತ್ತು, ಆದರೆ ದಿನದಿಂದ ದಿನಕ್ಕೆ ಎದುರಿಗಿದ್ದದ್ದೆಲ್ಲ ಮಂಜಾಗುತ್ತ ಹೋಯಿತು. ಮತ್ತೆ ಶಾಪಿಗೆ ಹೋಗಿ ಹೇಳಿದರೆ "ಮುಂದುವರಿಸಿ" ಎಂದರು. ಮುಂದುವರಿಸಿದೆ. ಒಂದು ಬೆಳಿಗ್ಗೆ ಬಾಚಣಿಗೆ ಕೈಗೆತ್ತಿಕೊಂಡರೆ ಅದರ ಹಲ್ಲುಗಳು ಬೇರೆಬೇರೆಯಾಗಿ ಕಾಣಲಿಲ್ಲ. ಕಣ್ಣಿನ ಹತ್ತಿರ ತಂದೆ, ಬೆಳಕಿಗೆ ಹಿಡಿದೆ. ಬಾಚಣಿಗೆ ಒಂದು ಹಲಗೆಯಾಗಿತ್ತು. ಆ ಗಳಿಗೆಯ ಭಯವನ್ನು ಎರಡು ಕಣ್ಣಿದ್ದವರಿಗೆ ಹೇಳಿ ತಿಳಿಸುವುದು ಕಷ್ಟ. ಅವರಿಗೆ ಒಂದು ಕಣ್ಣು ಹೋದರೆ ಇನ್ನೊಂದು ಇರುತ್ತದೆ. ನನಗೆ ಈ ಬಾಗಿಲು ಮುಚ್ಚಿದರೆ ಮನೆಯೇ ಕತ್ತಲು.

ಊರಾಚೆ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಇತ್ತು. ಅತ್ತೆಯ ತೋಳು ಹಿಡಿದು ಅಲ್ಲಿಗೆ ಹೋದೆ. ಬೆಂಚಿನ ಮೇಲೆ ಬೆಳಗಿನಿಂದ ಕಾದೆವು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಅತ್ತೆಯನ್ನು, "ನಿಮ್ ಹುಡ್ಗೀಗೆ ಉಟ್ದಾಗಿಂದ್ಲೂ ಇಂಗೇನಾ?" ಎಂದು ಕೇಳಿದಳು. ಅತ್ತೆ ನನ್ನ ಸೆರಗನ್ನು ಮುಂದಕ್ಕೆಳೆದು ಮುಖಕ್ಕೆ ಮರೆಮಾಡಿದಳು. ನಮ್ಮ ಸರದಿ ಬಂದಾಗ ಅಲ್ಲಿನ ಡಾಕ್ಟರು ನನ್ನ ಗಲ್ಲವನ್ನು ಒಂದು ಯಂತ್ರದ ಮೇಲೆ ಇರಿಸಿ, ಕಣ್ಣಿಗೆ ಹಳದಿ ಬಣ್ಣದ ಏನನ್ನೋ ಸೋಕಿಸಿ, ನೀಲಿ ದೀಪ ಹಾಕಿ ಬಹಳ ಹೊತ್ತು ನೋಡಿದರು. ಐವತ್ತರ ಆಚೀಚಿನ ವಯಸ್ಸು, ತಗ್ಗಿದ ದನಿ, ಕೈಯಿಂದ ಕಾರ್ಬಾಲಿಕ್ ಸೋಪಿನ ವಾಸನೆ.

"ಏನೇನು ಹಾಕಿದ್ರಿ? ಒಂದೂ ಬಿಡದೆ ಹೇಳಿ."

ಅತ್ತೆ ನೊರೆಯ ಸಂಗತಿ ಹೇಳಿದಳು. ಅವರು ಬರೆದುಕೊಂಡರು. ನಾನು ಚೀಲದಿಂದ ಡ್ರಾಪ್ಸಿನ ಸೀಸೆ ತೆಗೆದು ಕೊಟ್ಟೆ. ಅದನ್ನು ಓದಿ ಅವರು ಎದ್ದುನಿಂತರು.

"ಇದನ್ನ ಎಷ್ಟು ದಿನ ಹಾಕಿದ್ರಿ? ನಿಮ್ಮ ತುಟಿ ಮೇಲೆ ಗುಳ್ಳೆ ಎದ್ದು ಒಣಗಿದ ಕಲೆ ಇದೆಯಲ್ಲ, ಅದೇ ಪೀಡೆ ಕಣ್ಣಿಗೂ ಹತ್ತಿದೆ. ಮರದ ಕೊಂಬೆ ಹಾಗೆ ಕವಲೊಡೆದು ಹುಣ್ಣಾಗಿದೆ. ಈ ಡ್ರಾಪ್ಸು ಹಾಕಿದ್ರೆ ಮೇಲೆ ಕೆಂಪು ಹೋಗುತ್ತೆ, ಒಳಗೆ ಅದು ಕೊಬ್ಬುತ್ತೆ. ಹಾವಿಗೆ ಹಾಲೆರೆದ ಹಾಗಾಯ್ತಲ್ಲಮ್ಮ!"

ಅವತ್ತೇ ನನ್ನನ್ನು ವಾರ್ಡಿಗೆ ಸೇರಿಸಿಕೊಂಡರು. ಅಣ್ಣ ಕೋಪದಿಂದ ಆ ಪೇಟೆ ಡಾಕ್ಟರ ಶಾಪಿಗೆ ಹೋಗಿ ಕೇಳಿದನಂತೆ. ವಾಪಸು ಬಂದಾಗ ಅವನ ಕೋಪ ಬೇರೆ ಕಡೆ ತಿರುಗಿತ್ತು. "ಆ ಮುದುಕಿ ಆಕಿದ್ ಪುಡಿಯಿಂದ್ಲೇ ಎಲ್ಲಾ ಆಗಿದ್ದು ಅಂದ್ರು ಅವ್ರು" ಎಂದು ಅತ್ತೆಯ ಮುಖದೆದುರೇ ಹೇಳಿದ. ಓದಿದವನ ತಪ್ಪೂ ಓದದವಳ ತಲೆಗೇ ಬಂತು. ಅತ್ತೆ ಅವತ್ತಿನಿಂದ ನನಗೆ ತುತ್ತು ಕಲೆಸಿ ಕೊಡುವಾಗಲೂ ಮಾತಾಡುತ್ತಿರಲಿಲ್ಲ. ಕೆನ್ನೆಯ ಮೇಲೆ ಅವಳ ಬಿಸಿಯುಸಿರು ಮಾತ್ರ ಗೊತ್ತಾಗುತ್ತಿತ್ತು.

ನನ್ನ ಬಲಗಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ನಾನು ಪೂರ್ತಿ ಕತ್ತಲಲ್ಲಿದ್ದೆ. ಹಾಗಾಗಿ ಪಕ್ಕದ ಮಂಚದ ಚೆನ್ನಾಜಮ್ಮ ನನಗೆ ಮೊದಲು ಒಂದು ದನಿಯಾಗಿ ಪರಿಚಯವಾದಳು, ಒಂದು ವಾಸನೆಯಾಗಿ. ವಿದ್ಯಾರಣ್ಯಪುರಂ ಕಡೆಯವಳು, ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುವವಳು. ಆಸ್ಪತ್ರೆಯ ಸೋಪಿಗೂ ಬಗ್ಗದೆ ಅವಳ ಕೈಯಲ್ಲಿ ಇದ್ದಲು, ಗಂಧದೆಣ್ಣೆಗಳ ಘಮ ಉಳಿದಿತ್ತು. ನನ್ನದೇ ಕಾಯಿಲೆ ಅವಳದೂ. ಬಲಗಣ್ಣಿಗೆ ಹಿಂದೊಮ್ಮೆ ಬಂದು, ಮಾಸಿಹೋಗಿ, ಎಣ್ಣೆಕಾಗದದ ಹಿಂದಿನಿಂದ ನೋಡಿದಷ್ಟು ಮಾತ್ರ ಕಾಣುತ್ತಿತ್ತಂತೆ. ಈಗ ಎಡಗಣ್ಣಿಗೆ ಬಂದಿತ್ತು.

"ಎಡಕ್ಕೆ ಕೈ ಚಾಚಿ ಟೀಚರಮ್ಮ, ಚೊಂಬದೆ. ಇನ್ನೂ ವಸಿ ಕೆಳಕ್ಕೆ. ಆಂ, ಅದೇಯ. ಆ ನರ್ಸಮ್ಮ ಬರಾಗಂಟ ಬಾಯ್ ಒಣುಗ್ಸ್ಕಬ್ಯಾಡಿ. ಅವ್ಳು ಬರದು ಅವ್ಳ್ ಮದ್ವೆ ದಿನಾನೇಯ."

ಮೊದಲ ದಿನವೇ ಅವಳು ನನ್ನನ್ನು ನಗಿಸಿದಳು. ಅವಳ ಆ ಎಣ್ಣೆಕಾಗದದ ಕಣ್ಣೇ ನಮ್ಮಿಬ್ಬರಿಗೂ ದಾರಿ ತೋರಿಸುತ್ತಿತ್ತು. ನನ್ನ ಕೈ ಹಿಡಿದು ಕಕ್ಕಸಿಗೆ ಕರೆದೊಯ್ಯುವಳು, "ಒಸಲು, ಕಾಲೆತ್ತಿ" ಎನ್ನುವಳು. ಮಧ್ಯಾಹ್ನ ಮಂಚದ ಮೇಲೆ ಕೂತು ತನ್ನ ಮಗಳ ಮಾತಾಡುವಳು. ಎಂಟನೇ ಕ್ಲಾಸಿನವರೆಗಾದರೂ ಓದಿಸಬೇಕು, ತನ್ನ ಹಾಗೆ ಹಲಗೆಯ ಮುಂದೆ ಕೂರಿಸಬಾರದು ಎಂಬುದು ಅವಳ ಆಸೆ. "ನಿಮ್ ಇಸ್ಕೂಲಲ್ಲೇ ಸೇರ್ಸ್ಕಳಿ. ಲೆಕ್ಕದಲ್ಲಿ ಫೇಲ್ ಮಾಡ್ಬುಟ್ಟೀರಿ ಮತ್ತೆ!" ಎಂದು ಬೆದರಿಸುವಳು.

ಇಬ್ಬರಿಗೂ ಡಾಕ್ಟರು ಅಯೋಡಿನ್ ಮುಟ್ಟಿಸಿ ಹುಣ್ಣನ್ನು ಕೆರೆದರು. ಆ ನೋವನ್ನು ಬರೆದು ಯಾರನ್ನೂ ಹೆದರಿಸುವುದಿಲ್ಲ. ಕೆರೆದಾಗ ಮಾಯ್ದಂತೆ ಕಂಡದ್ದು ಮತ್ತೆ ಅದೇ ಜಾಗದಲ್ಲಿ ಕವಲೊಡೆಯಿತು. ಡಾಕ್ಟರು ಬರುವ ಹೊತ್ತಿಗೆ ವಾರ್ಡೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ಪಟ್ಟಿ ಬಿಚ್ಚಿ ನೋಡಿ ಅವರು "ಹೂಂ" ಎಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ನಾವಿಬ್ಬರೂ ಆಮೇಲೆ ಚರ್ಚೆ ಮಾಡುತ್ತಿದ್ದೆವು. ಎಳೆದು ಹೇಳಿದ "ಹೂಂ" ಕೆಟ್ಟದ್ದು ಎಂದು ಚೆನ್ನಾಜಮ್ಮ ಕಂಡುಹಿಡಿದಳು. ದಿನಗಳೆದಂತೆ ಎಲ್ಲ ಹೂಂಗಳೂ ಉದ್ದವಾಗತೊಡಗಿದವು.

ಕಣ್ಣಿಗೆ ಬಟ್ಟೆ ಕಟ್ಟಿದರೆ ಕಿವಿಯೂ ಕೇಳುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ಒಂದು ಸಂಜೆ ನೋಡಲು ಬಂದ ಅಣ್ಣ ನಾನು ಮಲಗಿದ್ದೇನೆಂದುಕೊಂಡು ಅತ್ತೆಯ ಜೊತೆ ಮಾತಾಡಿದ.

"ಕಣ್ ಓಯ್ತು ಅಂದ್ರೆ ಇವ್ಳನ್ನ ಯಾರು ಇಟ್ಕಳಾದು ಅತ್ತೆ? ನನ್ ಎಂಡ್ರು ಒಪ್ಪಕ್ಕಿಲ್ಲ."

"ನಾನಿಲ್ವೇನ್ಲಾ?"

"ನೀನೆಷ್ಟ್ ದಿನ ಇದ್ದೀಯೆ?"

ಅವನು ಕೆಟ್ಟವನಲ್ಲ. ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಹಾಲು, ಬಾಳೆಹಣ್ಣು ಹೊತ್ತು ತರುತ್ತಿದ್ದ. ಆ ಮಾತು ಆಡಿದ ಮೇಲೂ ನನ್ನ ಹೊದಿಕೆ ಸರಿಮಾಡಿಯೇ ಹೋದ. ಆದರೆ ಅವತ್ತಿನಿಂದ ಇವತ್ತಿನವರೆಗೆ ಅವನ ಮನೆಯಲ್ಲಿ ಊಟಕ್ಕೆ ಕೂತಾಗೆಲ್ಲ ಎರಡನೇ ಸಲ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇನೆ.

ಆ ವಾರವೇ ಮದ್ದು ಬಂತು. ಡಾಕ್ಟರ ಜೊತೆ ಓದಿದವರೊಬ್ಬರು ಹೊರದೇಶದಲ್ಲಿ ಸಂಶೋಧನೆ ಮಾಡುತ್ತಿದ್ದರಂತೆ. ರಜಕ್ಕೆ ಊರಿಗೆ ಬಂದಾಗ ಐಸು ತುಂಬಿದ ಡಬ್ಬಿಯಲ್ಲಿಟ್ಟು ಒಂದು ಸಣ್ಣ ಸೀಸೆಯನ್ನು ಕೈಯಾರೆ ತಂದುಕೊಟ್ಟಿದ್ದರು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಇನ್ನೂ ಪರೀಕ್ಷೆಯಲ್ಲಿದ್ದ ಮದ್ದು. ಡಾಕ್ಟರು ನನ್ನ ಮಂಚದ ಪಕ್ಕ ಕೂತು ವಿವರಿಸಿದರು. ಅವರ ದನಿಯಲ್ಲಿ ಹುಡುಗರ ಉತ್ಸಾಹವಿತ್ತು.

"ಸಮುದ್ರದ ತಳದಲ್ಲಿ ಸ್ಪಂಜು ಅಂತ ಒಂದು ಪ್ರಾಣಿ ಇದೆ. ಕಲ್ಲಿಗೆ ಅಂಟಿಕೊಂಡಿರುತ್ತೆ. ಓಡೋಕಾಗಲ್ಲ, ಕಚ್ಚೋಕಾಗಲ್ಲ. ಅದರ ಮೈಯಲ್ಲಿ ಒಂದು ವಿಚಿತ್ರವಾದ ಸಕ್ಕರೆ ಸೇರಿದ ಪದಾರ್ಥ ಸಿಕ್ಕಿತು. ಅದನ್ನ ನೋಡಿ ಕಲಿತು, ಅದೇ ಮಾದರಿಯಲ್ಲಿ ಪ್ರಯೋಗಶಾಲೇಲಿ ಇದನ್ನ ತಯಾರು ಮಾಡಿದ್ದಾರೆ. ಈ ಪೀಡೆ ಮರಿ ಹಾಕೋದನ್ನ ಇದು ತಡೆಯುತ್ತೆ ಅಂತ ನಂಬಿಕೆ."

ಅಷ್ಟು ದಿನ ನನ್ನೆದುರು ಮಾತು ಬಿಟ್ಟಿದ್ದ ಅತ್ತೆ ಆಗ ಬಾಯಿ ಬಿಟ್ಟಳು. "ಸಮುದ್ರದ್ದಾ ಬುದ್ಧಿ? ನಾನೂ ಸಮುದ್ರದ್ನೇ ಆಕಿದ್ದು. ಆವಾಗ ಎಲ್ರೂ ನನ್ನ ಉಗುದ್ರಿ."

ಡಾಕ್ಟರು ನಕ್ಕರು. ವಾರ್ಡಿನಲ್ಲಿ ಇನ್ನೂ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆಗೆ ಯಾರಾದರೂ ಒಬ್ಬರು, ಎರಡಕ್ಕೂ ಏನು ವ್ಯತ್ಯಾಸ ಎಂದು ಕೂರಿಸಿಕೊಂಡು ಹೇಳಬೇಕಿತ್ತು. ಯಾರೂ ಹೇಳಲಿಲ್ಲ.

ಆಗ ಪಕ್ಕದ ಮಂಚದಿಂದ ಚೆನ್ನಾಜಮ್ಮನ ದನಿ ಬಂತು. "ನಂಗೂ ಅದ್ನೇ ಆಕ್ತೀರಾ ಬುದ್ಧಿ?"

ಡಾಕ್ಟರು ಸ್ವಲ್ಪ ತಡೆದು ಹೇಳಿದರು. "ಒಬ್ಬರಿಗೆ ಸಾಲುವಷ್ಟೇ ಇದೆಯಮ್ಮ."

"ಅಂಗಾರೆ ಟೀಚರಮ್ಮಂಗೇ ಯಾಕೆ?"

"ಅವರು ಓದಿ ಬರೆಯೋ ಕೆಲಸದವರು. ಕಣ್ಣಿಲ್ಲದೆ ಅವರ ಜೀವನ ನಡೆಯಲ್ಲ. ನಿಂದು ಕೈಕೆಲಸ ಅಲ್ವಾ? ಅಭ್ಯಾಸ ಇರುತ್ತೆ" ಎಂದರು ಡಾಕ್ಟರು. ಒರಟಾಗಿ ಹೇಳಲಿಲ್ಲ. ಯೋಚಿಸಿ, ನ್ಯಾಯ ಹೇಳುವವರ ಹಾಗೆ ಹೇಳಿದರು. ಅದೇ ನನಗೆ ಹೆಚ್ಚು ಚುಚ್ಚಿತು.

ಅವರು ಹೋದಮೇಲೆ ನಾನು, "ಚೆನ್ನಾಜಮ್ಮ, ಅವರನ್ನ ಕೇಳ್ತೀನಿ, ಇಬ್ಬರಿಗೂ ಅರ್ಧರ್ಧ ಹಾಕಲಿ" ಎಂದೆ.

"ಅರ್ಧ ಕಣ್ಣು ತಗಂಡ್ ನೀನೇನ್ ಮಾಡ್ತೀಯೆ, ನಾನೇನ್ ಮಾಡ್ಲಿ? ಸುಮ್ಕೆ ಮನೀಕೋ."

ಅದುವರೆಗೆ ನನ್ನನ್ನು ನೀವು ಎನ್ನುತ್ತಿದ್ದವಳು ನೀನು ಎಂದಳು. ಆಮೇಲೆ ಚೊಂಬು ಎಲ್ಲಿದೆ ಎಂದು ಅವಳು ಹೇಳಲಿಲ್ಲ. ನಾನು ತಡಕಾಡಿ ಕೆಡವಿದರೂ ಹೇಳಲಿಲ್ಲ. ಆದರೂ ಡಾಕ್ಟರನ್ನು ನಾನು ಕೇಳಿದೆ. ಅರ್ಧ ಹಾಕಿದರೆ ಇಬ್ಬರಿಗೂ ಕೆಲಸ ಮಾಡುವುದಿಲ್ಲ ಎಂದರು.

ಮೊದಲ ಹನಿ ಬಿದ್ದಾಗ ತಣ್ಣಗಿತ್ತು. ಎರಡು ದಿನ ಅಷ್ಟೇ. ಆಮೇಲೆ ಪ್ರತಿ ಹನಿಯೂ ಕೆಂಡವಾಯಿತು. ಗಂಟೆಗೊಮ್ಮೆ ನರ್ಸಿನ ಚಪ್ಪಲಿ ಸದ್ದು ಕೇಳಿದರೆ ಸಾಕು, ನನ್ನ ಕೈಗಳು ತಾವಾಗಿ ಮುಖಕ್ಕೆ ಅಡ್ಡ ಬರುತ್ತಿದ್ದವು, ಅತ್ತೆ ಹಿಡಿದುಕೊಳ್ಳಬೇಕಾಗಿತ್ತು. ಹುಬ್ಬಿನೊಳಗೆ, ಹಲ್ಲಿನ ಬೇರಿನೊಳಗೆ ನೋವು ಇಳಿಯಿತು. ನಾನು ಕಿರುಚಿಕೊಂಡಾಗ ಪಕ್ಕದ ಮಂಚದಿಂದ ಒಂದು ಸದ್ದೂ ಬರುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ಡಾಕ್ಟರು ನೀಲಿ ದೀಪ ಹಾಕಿ ನೋಡಿ, "ಕವಲು ಒಣಗಿದೆ" ಎಂದರು. ಆಮೇಲೆ, "ಆದರೆ ಮದ್ದೇ ಕಣ್ಣನ್ನ ಸುಡ್ತಾ ಇದೆ. ಪಾಪೆಯ ಮೇಲೆಲ್ಲ ಸಣ್ಣಸಣ್ಣ ಚುಕ್ಕೆ ಎದ್ದಿದೆ. ಇಲ್ಲಿಗೆ ನಿಲ್ಲಿಸೋಣ" ಎಂದರು.

"ಸೀಸೆಯಲ್ಲಿ ಉಳಿದಿದೆಯಾ?" ನಾನು ಕೇಳಿದೆ.

"ಅರ್ಧದಷ್ಟಿದೆ."

"ಹಾಗಾದರೆ ಅದನ್ನ ಚೆನ್ನಾಜಮ್ಮನಿಗೆ ಹಾಕಿ ಸಾರ್. ಇವತ್ತೇ ಹಾಕಿ."

"ಅವಳ ಹುಣ್ಣು ಆಳಕ್ಕೆ ಹೋಗಿದೆ. ನಿಮ್ಮ ಕಣ್ಣಿಗೇ ಇಷ್ಟು ಮಾಡಿದ ಮದ್ದನ್ನ ಅವಳಿಗೆ ಹೇಗೆ ಹಾಕಲಿ? ಅಪಾಯ. ಅಲ್ಲದೆ ನಿಮಗೆ ಈ ಕಾಯಿಲೆ ಮತ್ತೆ ಬರಬಹುದು. ಆಗ ಬೇಕಾಗುತ್ತೆ."

ನಾನು ಲೆಕ್ಕದ ಟೀಚರು. ಒಂದೇ ಮದ್ದು ಅವಳಿಗೆ ಹಾಕಲಾರದಷ್ಟು ಅಪಾಯವೂ ನನಗಾಗಿ ಎತ್ತಿಡುವಷ್ಟು ಅಮೂಲ್ಯವೂ ಆಗುವುದು ಹೇಗೆ ಎಂದು ಅವರನ್ನೇ ಕೇಳಿದೆ. ಅವರು ನನ್ನ ಕಣ್ಣಿಗೆ ಮತ್ತೆ ಪಟ್ಟಿ ಕಟ್ಟತೊಡಗಿದರು. ಅವರು ದುಷ್ಟರಲ್ಲ. ನನ್ನ ಕಣ್ಣನ್ನು ಉಳಿಸಿದವರು. ಈ ಸಾಲುಗಳನ್ನು ನಾನೇ ಬರೆದು ನಾನೇ ಓದುತ್ತಿರುವುದು ಅವರಿಂದ. ಅವರನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ, ಮರುಗಳಿಗೆಯಲ್ಲೇ ಮುಗಿದ ಕೈ ಬಿಟ್ಟುಹೋಗುತ್ತದೆ.

ಚೆನ್ನಾಜಮ್ಮನ ಕಣ್ಣು ಒಡೆದದ್ದು ಒಂದು ಬೆಳಿಗ್ಗೆ, ಕೆಮ್ಮಿದಾಗ. "ಅಯ್ಯೋ, ಬಿಸ್ನೀರು ಉಯ್ದಂಗಾಯ್ತಲ್ಲವ್ವ" ಎಂದಳು. ಜೋರಾಗಿ ಕೂಡ ಹೇಳಲಿಲ್ಲ, ಹಾಲು ಉಕ್ಕಿಹೋಯಿತು ಎನ್ನುವ ಹಾಗೆ. ಅತ್ತೆಯೇ ಮೊದಲು ಓಡಿದ್ದು. ಅವಳನ್ನು ತಳ್ಳುಗಾಡಿಯಲ್ಲಿ ಕರೆದೊಯ್ದರು. ಆ ಕಣ್ಣನ್ನು ತೆಗೆಯಬೇಕಾಯಿತು. ಬೇರೆ ವಾರ್ಡಿಗೆ ಹಾಕಿದರು, ಅಲ್ಲಿಂದ ಮನೆಗೆ ಕಳಿಸಿದರು. ಪಕ್ಕದ ಮಂಚಕ್ಕೆ ಪಿರಿಯಾಪಟ್ಟಣದ ಕಡೆಯ ಒಬ್ಬ ಮುದುಕಿ ಬಂದಳು. ಹಾಸಿಗೆ ಬದಲಾಯಿಸಿದ್ದರೂ ಊದಿನಕಡ್ಡಿಯ ಘಮ ಇನ್ನೂ ಸ್ವಲ್ಪ ದಿನ ಅಲ್ಲೇ ಇತ್ತು.

ನನ್ನ ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಅತ್ತೆಯ ಮೂಗುಬಟ್ಟು. ಆಮೇಲೆ ಅದರ ಸುತ್ತಲಿನ ಮುಖ. ಅವಳು ಎಷ್ಟು ಇಳಿದುಹೋಗಿದ್ದಳೆಂದರೆ, ನನಗೆ ಮತ್ತೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಎಲ್ಲವೂ ಧೂಳು ಹಿಡಿದ ಗಾಜಿನಾಚೆ ಇದ್ದಂತೆ ಕಂಡಿತು. ಈಗಲೂ ಹಾಗೇ ಕಾಣುವುದು. ಡಾಕ್ಟರು ಬೇರೆ ಡಾಕ್ಟರುಗಳನ್ನು ಕರೆತಂದು ನನ್ನನ್ನು ತೋರಿಸಿದರು. ಒಬ್ಬೊಬ್ಬರಾಗಿ ಬಗ್ಗಿ ನನ್ನ ಕಣ್ಣೊಳಗೆ ಇಣುಕಿದರು. ಸ್ಪಂಜಿನ ವಿಷಯ ಬಂತು, ಸಮುದ್ರದಲ್ಲಿ ಇನ್ನೂ ಎಷ್ಟೆಷ್ಟು ಮದ್ದು ಅಡಗಿದೆಯೋ ಎಂಬ ಮಾತು ಬಂತು. ಮುಂದೆ ಹವಳ, ಚಿಪ್ಪು, ಕಡಲ ಸೌತೆ ಎಲ್ಲವನ್ನೂ ಜರಡಿ ಹಿಡಿಯುತ್ತಾರಂತೆ. ಪಕ್ಕದ ಮಂಚದಲ್ಲಿ ಯಾರಿದ್ದರು ಎಂಬ ಮಾತು ಬರಲಿಲ್ಲ. "ಇನ್ನೊಬ್ಬರೂ ಇದ್ದರು" ಎಂದು ನಾನೇ ಹೇಳಿದೆ. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು "ಹೌದಾ?" ಎಂದು ನಮ್ಮ ಡಾಕ್ಟರ ಕಡೆ ನೋಡಿದರು. "ಅದು ಬೇರೆ ಕೇಸು" ಎಂದರು ಅವರು.

ಶಾಲೆಗೆ ಹೋದರೆ ನನ್ನ ಜಾಗದಲ್ಲಿ ಬೇರೆಯವರಿದ್ದರು. ಕಣ್ಣು ಕಾಣುತ್ತದೆ ಎಂದು ಸರ್ಟಿಫಿಕೇಟು ತರಬೇಕೆಂದರು. ತಂದೆ. ಆದರೂ ಹೊಲಿಗೆ ಕ್ಲಾಸು ಕೊಟ್ಟರು. ಒಕ್ಕಣ್ಣಿಯ ಕೈಗೆ ಸೂಜಿ! ಇನ್‌ಸ್ಪೆಕ್ಟರು ಬಂದ ದಿನ ಅವರೆದುರಿಗೇ ಬೋರ್ಡಿನ ಮೇಲೆ ಒಂದು ದೊಡ್ಡ ಭಾಗಾಕಾರ ಹಾಕಿ, ಬಿಡಿಸಿ, "ಇದರಲ್ಲಿ ಕಣ್ಣಿಲ್ಲದವಳು ಮಾಡಿದ ತಪ್ಪು ಎಲ್ಲಿದೆ ತೋರಿಸಿ ಸಾರ್" ಎಂದೆ. ಲೆಕ್ಕ ನನಗೆ ವಾಪಸು ಬಂತು. ಮಕ್ಕಳ ಪುಸ್ತಕಗಳನ್ನು ಮೂಗಿಗೆ ತಾಗಿಸಿಕೊಂಡು ತಿದ್ದುತ್ತೇನೆ. ಅವರು ಹಿಂದಿನಿಂದ ಅಣಕಿಸುತ್ತಾರೆ. ಅಣಕಿಸಲಿ.

ಕಾಯಿಲೆ ಹೋಗಿಲ್ಲ. ಜ್ವರ ಬಂದಾಗ, ಬಿಸಿಲಲ್ಲಿ ಬಹಳ ತಿರುಗಿದಾಗ ಮತ್ತೆ ತಲೆಯೆತ್ತುತ್ತದೆ. ಮೊದಲ ಸಲ ಹಾಗಾದಾಗ ಆಸ್ಪತ್ರೆಗೆ ಓಡಿ, ನನಗಾಗಿ ಎತ್ತಿಟ್ಟಿದ್ದ ಆ ಅರ್ಧ ಸೀಸೆಯನ್ನು ಕೇಳಿದೆ. ಡಾಕ್ಟರು ರಜದಲ್ಲಿದ್ದರು. ಕಾಂಪೌಂಡರು ಹುಡುಕಿ ಬಂದು ಹೇಳಿದ. "ಅದಾ? ಕರೆಂಟು ಹೋಗಿ ಐಸ್ ಪೆಟ್ಟಿಗೆ ಬೆಚ್ಚಗಾಗಿತ್ತು ಕಣಮ್ಮ. ಕೆಟ್ಟೋಗಿತ್ತು, ಎಸೆದ್ಬುಟ್ವಿ."

ಎಷ್ಟೋ ಹೊತ್ತು ಆ ಬೆಂಚಿನ ಮೇಲೆ ಕೂತಿದ್ದೆ. ಆ ಸಲ ಹುಣ್ಣು ಅಯೋಡಿನ್ನಿಗೇ ಬಗ್ಗಿತು.

ಬೆಂಚಿನ ಮೇಲೆ ಕೂತಿರುವ ನಿಮಗೆ ನಾನು ಹೇಳಬಲ್ಲದ್ದು ಇಷ್ಟೇ. ಕೆಂಪು ಹೋದರೆ ಕಾಯಿಲೆ ಹೋಯಿತು ಎಂದುಕೊಳ್ಳಬೇಡಿ. ಏನೇನು ಹಾಕಿದ್ದೀರಿ ಎಂದು ಕೇಳಿದರೆ ನಾಚಿಕೊಳ್ಳದೆ ಎಲ್ಲವನ್ನೂ ಹೇಳಿ. ಪಟ್ಟಿ ಕಟ್ಟಿದ ಮೇಲೆ ನಿಮ್ಮ ಎದುರಿಗೆ ನಿಮ್ಮ ಬಗ್ಗೆ ಮಾತಾಡುತ್ತಾರೆ. ಎಚ್ಚರವಿದ್ದೇನೆ ಎಂದು ಹೇಳಿಬಿಡಿ, ನಾನು ಹೇಳಲಿಲ್ಲ. ನೋವಿಗೆ ಕಿರುಚಬೇಕೆನಿಸಿದರೆ ಕಿರುಚಿ. ಧೈರ್ಯವಂತರು ಎನಿಸಿಕೊಂಡು ಆಗಬೇಕಾದ್ದೇನೂ ಇಲ್ಲ.

ಚೆನ್ನಾಜಮ್ಮನನ್ನು ಹುಡುಕಿಕೊಂಡು ಹೋಗಲು ನನಗೆ ಬಹಳ ಕಾಲ ಕಾಲು ಬರಲಿಲ್ಲ. ಹೋಗಿ ಏನು ಹೇಳುವುದು? ಅತ್ತೆಯೇ ಒಂದು ಭಾನುವಾರ, "ಎದ್ದೇಳು ಮಗಾ, ಓಗಿ ನೋಡ್ಕಂಡ್ ಬಾ. ಉಗುದ್ರೆ ಉಗುಸ್ಕಂಡ್ ಬಾ" ಎಂದಳು. ವಿದ್ಯಾರಣ್ಯಪುರದಲ್ಲಿ ಊದಿನಕಡ್ಡಿ ಹೊಸೆಯುವವರ ಮನೆ ಎಂದು ಕೇಳುತ್ತ ಹೋದರೆ ಒಂದು ಬೀದಿ ತುಂಬ ಅಂಥ ಮನೆಗಳೇ. ಕೊನೆಗೆ ಒಂದು ಹಂಚಿನ ಮನೆಯ ಮುಂದೆ ಎಳೆಬಿಸಿಲಿಗೆ ಕೂತಿದ್ದವಳು ಅವಳೇ. ಮುಖವನ್ನು ನಾನು ನೋಡಿದ್ದು ಕಡಿಮೆ. ಯಾರನ್ನೋ ಬೈದ ದನಿ ಕೇಳಿ ಗುರುತು ಹಿಡಿದೆ. ಮೊಣಕಾಲ ಮೇಲೆ ಹಲಗೆ, ಪಕ್ಕದಲ್ಲಿ ಕರಿಯ ಹಿಟ್ಟಿನ ಉಂಡೆ. ಎಂಟನೇ ಕ್ಲಾಸಿನವರೆಗೆ ಓದಬೇಕಾಗಿದ್ದ ಮಗಳು ಎದುರಿಗೆ ಇನ್ನೊಂದು ಹಲಗೆಯ ಮುಂದೆ ಕೂತಿದ್ದಳು.

"ನಾನು, ತಾಯಮ್ಮ. ಆಸ್ಪತ್ರೆಯಲ್ಲಿ..."

ಕೈ ನಿಲ್ಲಿಸದೆ ಅವಳು ಹೇಳಿದಳು. "ಗೊತ್ತಾಯ್ತು ಬುಡು. ಏನ್ ಬಂದೆ? ಕಣ್ ತೋರ್ಸಕ್ಕಾ? ನೋಡಕ್ಕೆ ನಂಗುಳ್ದಿರೋದು ಆ ಎಣ್ಣೆಕಾಗ್ದದ್ ಕಣ್ಣೊಂದೇಯ."

ನಾನು ಜಗುಲಿಯ ಅಂಚಿನಲ್ಲಿ ಕೂತೆ. ಹೇಗಿದ್ದೀಯ ಎಂದು ಕೇಳಿದೆ. ಎಂಥ ಪ್ರಶ್ನೆ!

"ಕೈಕೆಲ್ಸ, ಕಣ್ ಬ್ಯಾಡ ಅಂದ್ರಲ್ಲ ನಿಮ್ ಡಾಕ್ಟ್ರು. ಕೈಯೇನೋ ಹೊಸೀತದೆ. ಎಲ್ಲಿ ದಪ್ಪಾಯ್ತು, ಎಲ್ಲಿ ಸೊಟ್ಟಾಯ್ತು ಅಂತ ಕಾಣಕ್ಕಿಲ್ಲ. ಮೇಸ್ತ್ರಿ ಅರ್ಧಕ್ಕರ್ಧ ಮುಖದ್ ಮ್ಯಾಗೆ ಎಸೀತಾನೆ. ಅದ್ಕೇಯ ಇವ್ಳು ಕುಂತವ್ಳೆ, ತಿದ್ದಕ್ಕೆ."

ಮಗಳನ್ನು ಶಾಲೆಗೆ ಕಳಿಸು, ನಾನು ನೋಡಿಕೊಳ್ಳುತ್ತೇನೆ ಎಂದೆ. ಹಾಗಾದರೆ ತನ್ನ ಕಡ್ಡಿಯನ್ನು ಯಾರು ತಿದ್ದುತ್ತಾರೆ ಎಂದು ಕೇಳಿದಳು. ಹುಡುಗಿ ತಲೆ ತಗ್ಗಿಸಿಕೊಂಡು ಹೊಸೆಯುತ್ತಲೇ ಇದ್ದಳು. ನಾನು ಎದ್ದು ಹೊರಡುವುದೋ ಕೂರುವುದೋ ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಿದ್ದೆ. ಆಗ ಚೆನ್ನಾಜಮ್ಮನ ಕೈಗಳು ಮೊದಲ ಸಲ ನಿಂತವು.

"ಒಂದ್ ಮಾತ್ ಕೇಳ್ತೀನಿ, ಸುಳ್ ಏಳ್ಬ್ಯಾಡ. ಆ ಮದ್ದು ಉರೀತಿತ್ತಾ? ಅಂಗ್ ಕಿರುಚ್ತಿದ್ದೆಯಲ್ಲ, ಅದು ದಿಟ್ವಾಗ್ಲೂ ಉರೀತಿತ್ತಾ, ನಂಗ್ ಕೇಳ್ಲಿ ಅಂತ ಕಿರುಚ್ತಿದ್ಯಾ?"

"ಉರೀತಿತ್ತು ಚೆನ್ನಾಜಮ್ಮ."

"ಚೆಂದಾಗ್ ಉರೀತಿತ್ತಾ?"

"ಕಣ್ಣೊಳಗೆ ಕೆಂಡ ಇಟ್ಟ ಹಾಗೆ. ಈಗ್ಲೂ ಬಿಸಿಲಿಗೆ ಬಂದ್ರೆ ಉರಿಯುತ್ತೆ."

ಅವಳು ಬೆರಳಿಗಂಟಿದ ಕರಿಯ ಹಿಟ್ಟನ್ನು ಉಂಡೆಗೆ ಒರೆಸಿದಳು. ಆಮೇಲೆ ಅವಳ ಮುಖದ ಬಿಗಿ ಸಡಿಲಿತು.

"ಸದ್ಯ," ಎಂದಳು. "ಅಷ್ಟಾದ್ರೂ ಆಯ್ತಲ್ಲ."

ಹಾಗೆಂದು, ಹಲಗೆಯನ್ನು ಸರಿಸಿ, ನನಗೆ ನೆರಳಿಗೆ ಜಾಗ ಮಾಡಿಕೊಟ್ಟಳು.